ಡಬ್ಬ ಏನಂತು? ಸ್ಕ್ರಿಪ್ಟ್‌ನ ಔಟ್‌ಪುಟ್ಟನ್ನು ಸಿಸ್ಟಮ್ ಲಾಗ್‌ಗೆ ಕಳಿಸುವ ದಾರಿಗಳು: ಒಂದು ಹೋಲಿಕೆ

ಕೋಲಾರದ ಹತ್ತಿರ ನಮ್ಮ ಮಾವನ ಟೊಮೆಟೊ ತೋಟ ಇದೆ. ಅಲ್ಲಿ ಬೋರ್‌ವೆಲ್ ಸ್ಟಾರ್ಟರ್ ಪಕ್ಕದಲ್ಲಿ ಪ್ಲಾಸ್ಟಿಕ್ ಡಬ್ಬದೊಳಗೆ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಲಿನಕ್ಸ್ ಕಂಪ್ಯೂಟರ್ ಕೂತಿದೆ. ತ್ರೀ ಫೇಸ್ ಕರೆಂಟ್ ಬಂತಾ, ಮೋಟರ್ ಓಡುತ್ತಿದೆಯಾ, ಪೈಪಿನಲ್ಲಿ ನೀರು ಬರುತ್ತಿದೆಯಾ ಅಂತ 5 ನಿಮಿಷಕ್ಕೊಮ್ಮೆ ನೋಡಿ ಒಂದು ಸಾಲು ಹೇಳುವುದು, ನೀರಿಲ್ಲದೆ ಮೋಟರ್ ಒಣಗಿ ತಿರುಗುತ್ತಿದ್ದರೆ ಆರಿಸುವುದು, ಇಷ್ಟೇ ಅದರ ಕೆಲಸ. ಸಾವಿರ ಅಡಿ ದಾಟಿದ ಬೋರ್‌ಗಳ ಸೀಮೆ ನಮ್ಮದು. ಮೋಟರ್ ಸುಟ್ಟರೆ ರಿವೈಂಡಿಂಗ್ ಖರ್ಚು ಒಂದು ಕಡೆ, ಅದನ್ನು ಮೇಲಕ್ಕೆತ್ತುವ ಕೂಲಿ ಇನ್ನೊಂದು ಕಡೆ.

ಒಂದು ರಾತ್ರಿ ಮೋಟರ್ ನಿಂತಿತು. ಬೆಳಿಗ್ಗೆ ಗಿಡಗಳಿಗೆ ನೀರಿಲ್ಲ. ಮಾವ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ನಿನ್ನ ಡಬ್ಬ ಏನಂತು?"

ಡಬ್ಬ ಏನೋ ಅಂದಿರಬೇಕು. ಆದರೆ ಅಂದದ್ದನ್ನು ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪ್ರೋಗ್ರಾಮ್ ಕ್ರಾನ್. ಅದು ಓಡಿಸುವ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್) ಏನಾದರೂ ಮಾತಾಡಿದರೆ ಕ್ರಾನ್ ಅದನ್ನು ಮೇಲ್ ಮಾಡಲು ನೋಡುತ್ತದೆ. ಪೈ ಮೇಲೆ ಮೇಲ್ ಕಳಿಸುವ ಪ್ರೋಗ್ರಾಮ್ ಯಾರು ಹಾಕುತ್ತಾರೆ? ಹಾಗಾಗಿ ಯಂತ್ರದ ದಿನಚರಿಯಾದ ಸಿಸ್ಟಮ್ ಲಾಗ್‌ನಲ್ಲಿ ಉಳಿದದ್ದು "ನೋ ಎಂಟಿಎ ಇನ್‌ಸ್ಟಾಲ್ಡ್, ಡಿಸ್ಕಾರ್ಡಿಂಗ್ ಔಟ್‌ಪುಟ್" (ಮೇಲ್ ಕಳಿಸುವ ಪ್ರೋಗ್ರಾಮ್ ಇಲ್ಲ, ಔಟ್‌ಪುಟ್ ಬಿಸಾಕುತ್ತಿದ್ದೇನೆ) ಎಂಬ ಸಾಲು ಮಾತ್ರ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು ನನ್ನ ಕೆಲಸ.

ಆಮೇಲೆ ಒಂದೊಂದೇ ದಾರಿ ಹಿಡಿದು ನೋಡಿದೆ. ಯಾವುದು ಎಲ್ಲಿ ಕೈ ಹಿಡಿಯಿತು, ಎಲ್ಲಿ ಕೈ ಕೊಟ್ಟಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲೇ ಇಟ್ಟಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲಿ ಹೊಡೆದುಕೊಳ್ಳಿ.

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸ್ಕ್ರಿಪ್ಟ್ ನಿಮ್ಮದೇ ಆಗಿದ್ದು ಸಿಸ್ಟಮ್‌ಡಿ (ಪ್ರೋಗ್ರಾಮ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಲಿನಕ್ಸ್‌ನ ಮೇಸ್ತ್ರಿ) ಇರುವ ಯಂತ್ರದಲ್ಲಿ ಪದೇ ಪದೇ ಓಡುವುದಾದರೆ ಅದನ್ನು ಸರ್ವಿಸ್ ಮಾಡಿ, ಅಂದರೆ ಆ ಮೇಸ್ತ್ರಿಗೆ ಒಪ್ಪಿಸಿ. ಒಂದೆರಡು ಸಾಲು ಮಾತ್ರ ಲಾಗ್‌ಗೆ ಹಾಕಬೇಕಿದ್ದರೆ ಲಾಗರ್ ಎಂಬ ಕಮಾಂಡ್ ಸಾಕು. ಫೈಲ್ ಇರುವುದು ಲೆಕ್ಕ ಇಡುವುದಕ್ಕೆ, ಸುದ್ದಿ ಇಡುವುದಕ್ಕಲ್ಲ.

ಫೈಲಿಗೆ ತಳ್ಳುವುದು

ಎಲ್ಲರೂ ಶುರು ಮಾಡುವುದು ಇಲ್ಲಿಂದಲೇ, ನಾನೂ ಅಷ್ಟೇ:

ನೀರು.ಎಸ್‌ಎಚ್ >> ಬೋರ್.ಲಾಗ್ 2>&1

ಇಲ್ಲಿ ಬಹಳ ಜನ ಎಡವುವುದು ಕೊನೆಯ ತುಂಡಿನ ಜಾಗದಲ್ಲಿ. 1 ಅಂದರೆ ಪ್ರೋಗ್ರಾಮ್‌ನ ಮಾಮೂಲಿ ಔಟ್‌ಪುಟ್, 2 ಅಂದರೆ ಎರರ್ ಸಂದೇಶ. 2>&1 ಅಂದರೆ "ಈ ಗಳಿಗೆಯಲ್ಲಿ 1 ಎಲ್ಲಿಗೆ ಹೋಗುತ್ತಿದೆಯೋ 2 ಕೂಡ ಅಲ್ಲಿಗೇ ಹೋಗಲಿ" ಅಂತ. ಅದನ್ನು >> ಗಿಂತ ಮೊದಲು ಬರೆದರೆ ಆ ಗಳಿಗೆಯಲ್ಲಿ 1 ಇನ್ನೂ ಪರದೆಯ ಕಡೆಗೇ ಇರುತ್ತದೆ. ಎರರ್ ಸಂದೇಶಗಳು ಪರದೆಗೆ ಹೋಗುತ್ತವೆ, ಫೈಲಿಗೆ ಬರುವುದಿಲ್ಲ. ನಮಗೆ ಬೇಕಾಗಿದ್ದದ್ದೋ ಎರರ್.

ಫೈಲಿನ ಸುಖ ಏನೆಂದರೆ ಅದನ್ನು ಯಾರು ಬೇಕಾದರೂ ತೆರೆಯಬಹುದು. ಹಾಗೇ ವಾಟ್ಸಾಪ್‌ನಲ್ಲಿ ಕಳಿಸಬಹುದು. ಕಷ್ಟ ಏನೆಂದರೆ ಸಾಲಿನ ಮುಂದೆ ಹೊತ್ತು ಇರುವುದಿಲ್ಲ. ನೀವೇ ಡೇಟ್ ಸೇರಿಸಬೇಕು, ಇಲ್ಲವೇ ಮೋರ್‌ಯುಟಿಲ್ಸ್ ಪ್ಯಾಕೇಜಿನ ಟಿಎಸ್ ಎಂಬ ಪುಟ್ಟ ಕಮಾಂಡಿನ ಮೂಲಕ ಹಾಯಿಸಬೇಕು. ಇದು ಗಂಭೀರ, ಅದು ಮಾಮೂಲಿ ಅನ್ನುವ ಭೇದವೂ ಇಲ್ಲ. ಫೈಲ್ ಬೆಳೆಯುತ್ತಾ ಹೋಗುತ್ತದೆ, ಹಳೆಯದನ್ನು ಪಕ್ಕಕ್ಕಿಟ್ಟು ಹೊಸ ಫೈಲ್ ಶುರು ಮಾಡುವ ಲಾಗ್‌ರೊಟೇಟ್‌ಗೆ ನೀವೇ ಹೇಳಿಕೊಡಬೇಕು. ನಿಲ್ಲದೆ ಓಡುವ ಪ್ರೋಗ್ರಾಮ್ ಆದರೆ ಇನ್ನೊಂದು ತಮಾಷೆ ಇದೆ: ಲಾಗ್‌ರೊಟೇಟ್ ಹಳೆಯ ಫೈಲಿನ ಹೆಸರು ಬದಲಿಸಿದರೂ ಪ್ರೋಗ್ರಾಮ್ ಹಿಡಿದಿರುವುದು ಆ ಹಳೆಯ ಫೈಲನ್ನೇ. ಹೊಸ ಫೈಲ್ ಖಾಲಿ ಬಿದ್ದಿರುತ್ತದೆ. ಕಾಪಿಟ್ರಂಕೇಟ್ ಎಂಬ ಆಯ್ಕೆ ಕೊಟ್ಟರೆ ನಕಲು ಮಾಡಿ ಮೂಲವನ್ನು ಬರಿದು ಮಾಡುತ್ತದೆ, ಆದರೆ ಆ ಎರಡರ ನಡುವೆ ಬಂದ ಸಾಲುಗಳು ಗೋವಿಂದ.

ಆದರೂ ನಾನು ಫೈಲನ್ನು ಪೂರ್ತಿ ಬಿಟ್ಟಿಲ್ಲ. ನೀರಿನ ಹರಿವಿನ ಅಂಕಿಗಳು ಈಗಲೂ ಒಂದು ಸಿಎಸ್‌ವಿ ಫೈಲಿಗೇ ಹೋಗುತ್ತವೆ. ತಿಂಗಳ ಕೊನೆಗೆ ಅದನ್ನು ಎಕ್ಸೆಲ್‌ನಲ್ಲಿ ತೆರೆಯುವುದು ಸುಲಭ, ಸಿಸ್ಟಮ್ ಲಾಗ್ ಹುಡುಕಿ ಅಂಕಿ ಕೀಳುವುದು ಕಷ್ಟ.

ಲಾಗರ್

ಎಲ್ಲ ಪ್ರೋಗ್ರಾಮ್‌ಗಳ ಸಂದೇಶವನ್ನು ಒಂದೆಡೆ ಸೇರಿಸುವ ಸಿಸ್‌ಲಾಗ್ ವ್ಯವಸ್ಥೆ ಹುಟ್ಟಿದ್ದು 1980ರ ದಶಕದಲ್ಲಿ. ಎರಿಕ್ ಆಲ್ಮನ್ ಅವರು ಸೆಂಡ್‌ಮೇಲ್ ಎಂಬ ಮೇಲ್ ಪ್ರೋಗ್ರಾಮಿಗಾಗಿ ಮಾಡಿದ್ದು ಎಲ್ಲರ ಬಳಕೆಗೂ ಬಂತು. ಪ್ರತಿ ಸಂದೇಶಕ್ಕೂ ಎರಡು ಗುರುತು. ಒಂದು, ಎಲ್ಲಿಂದ ಬಂತು ಅನ್ನುವ ಫೆಸಿಲಿಟಿ. ಇನ್ನೊಂದು, ಎಷ್ಟು ಗಂಭೀರ ಅನ್ನುವ ಮಟ್ಟ. ಮಟ್ಟಗಳು 0ರಿಂದ 7ರವರೆಗೆ: ಎಮರ್ಜ್, ಅಲರ್ಟ್, ಕ್ರಿಟ್, ಎರರ್, ವಾರ್ನಿಂಗ್, ನೋಟಿಸ್, ಇನ್ಫೋ, ಡೀಬಗ್. ಅಂಕಿ ಕಡಿಮೆಯಾದಷ್ಟೂ ವಿಷಯ ದೊಡ್ಡದು. ಫೆಸಿಲಿಟಿಗಳಲ್ಲಿ ಲೋಕಲ್0ಯಿಂದ ಲೋಕಲ್7ರವರೆಗಿನ ಎಂಟನ್ನು ನಮ್ಮಂಥವರ ಸ್ವಂತ ಬಳಕೆಗೇ ಬಿಟ್ಟಿದ್ದಾರೆ.

ಕಮಾಂಡ್ ಓಡಿಸುವ ಶೆಲ್‌ನಿಂದ ಈ ವ್ಯವಸ್ಥೆಯ ಬಾಗಿಲು ತಟ್ಟುವುದು ಲಾಗರ್ ಕಮಾಂಡ್. ಎಲ್ಲ ಲಿನಕ್ಸ್‌ನಲ್ಲೂ ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಬಿಸಿಬಾಕ್ಸ್ ಎಂಬ ಪುಟ್ಟ ಕಮಾಂಡ್ ಗಂಟು ಹಾಕಿದ ರೂಟರ್‌ನಲ್ಲೂ ಸಿಗುತ್ತದೆ.

ಲಾಗರ್ -ಟಿ ಬೋರ್ -ಪಿ ಲೋಕಲ್0.ವಾರ್ನಿಂಗ್ "ಒಂದು ಫೇಸ್ ಇಲ್ಲ"

-ಟಿ ಅಂದರೆ ಹೆಸರಿನ ಚೀಟಿ. -ಪಿ ಕೊಡದಿದ್ದರೆ ಯೂಸರ್.ನೋಟಿಸ್ ಅಂತ ಹೋಗುತ್ತದೆ. ಕ್ರಾನ್‌ನಲ್ಲಿರುವ ಹಳೆಯ ಸ್ಕ್ರಿಪ್ಟ್‌ಗೆ ಮಧ್ಯೆ ಒಂದು ಸಾಲು ಸೇರಿಸಲು, ಬೇರೆಯವರು ಬರೆದದ್ದಕ್ಕೆ ತೇಪೆ ಹಾಕಲು ಇದಕ್ಕಿಂತ ಚೆಂದದ್ದು ಇಲ್ಲ. ಇಷ್ಟಕ್ಕೇ ನಿಲ್ಲಿಸಿದ್ದರೆ ನನಗೆ ಯಾವ ತಕರಾರೂ ಇರುತ್ತಿರಲಿಲ್ಲ. ಆದರೆ ನಾವು ನಿಲ್ಲಿಸುವುದಿಲ್ಲ, ಇಡೀ ಔಟ್‌ಪುಟ್ಟನ್ನೇ ಪೈಪಿನಲ್ಲಿ (ಒಂದು ಕಮಾಂಡ್ ಹೇಳಿದ್ದನ್ನು ಇನ್ನೊಂದಕ್ಕೆ ಕೊಡುವ | ಗುರುತು) ಹಾಯಿಸುತ್ತೇವೆ:

ನೀರು.ಎಸ್‌ಎಚ್ 2>&1 | ಲಾಗರ್ -ಟಿ ಬೋರ್

ಇಲ್ಲಿಂದ ಎರಡು ಬಲೆಗಳು ಶುರು.

ಮೊದಲನೆಯದು, ಪೈಪ್ ಹಾಕಿದ ಕೂಡಲೇ ಆ ಸಾಲಿನ ಫಲಿತಾಂಶ ಕೊನೆಯ ಕಮಾಂಡಿನದ್ದಾಗುತ್ತದೆ. ನೀರು.ಎಸ್‌ಎಚ್ ಬಿದ್ದು ಸತ್ತರೂ ಲಾಗರ್ ತನ್ನ ಕೆಲಸ ಮುಗಿಸಿ 0 ಹೇಳುತ್ತದೆ, ಶೆಲ್ "ಎಲ್ಲಾ ಸರಿ" ಅಂದುಕೊಳ್ಳುತ್ತದೆ. ಪರೀಕ್ಷೆ ಬರೆದ ಹುಡುಗ ಫೇಲಾಗಿದ್ದರೂ ಅಂಕಪಟ್ಟಿ ತಂದುಕೊಟ್ಟ ಪೋಸ್ಟ್‌ಮ್ಯಾನ್ ಪಾಸು ಅಂತ ಬರೆದುಕೊಂಡ ಹಾಗೆ. "ಸ್ಕ್ರಿಪ್ಟ್ ಸೋತರೆ ಎಸ್ಸೆಮ್ಮೆಸ್ ಕಳಿಸು" ಅಂತ ನಾನು ಬರೆದಿದ್ದ ಸಾಲು ಎರಡು ವಾರ ಒಮ್ಮೆಯೂ ಓಡಲಿಲ್ಲ. ಡಬ್ಬ ಚೆನ್ನಾಗಿದೆ ಅಂತ ನಾನು ಹಿಗ್ಗಿದ್ದೆ. ಬ್ಯಾಶ್ ಎಂಬ ಶೆಲ್‌ನಲ್ಲಿ ಮೇಲೆ "ಸೆಟ್ -ಓ ಪೈಪ್‌ಫೇಲ್" ಹಾಕಿದರೆ ಇದು ಸರಿಹೋಗುತ್ತದೆ. ಸ್ಕ್ರಿಪ್ಟ್‌ನ ತಲೆಯಲ್ಲಿ

ಎಕ್ಸೆಕ್ > >(ಲಾಗರ್ -ಟಿ ಬೋರ್) 2>&1

ಅಂತ ಬರೆಯುವುದು ಇನ್ನೊಂದು ದಾರಿ. ಆಮೇಲಿನ ಎಲ್ಲ ಸಾಲುಗಳೂ ಲಾಗರ್‌ಗೆ ಹೋಗುತ್ತವೆ, ಫಲಿತಾಂಶ ಮಾತ್ರ ಸ್ಕ್ರಿಪ್ಟ್‌ನದ್ದೇ ಉಳಿಯುತ್ತದೆ. ಆದರೆ ಇದು ಬ್ಯಾಶ್‌ನ ವಿದ್ಯೆ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಎಸ್‌ಎಚ್ ಅಂದರೆ ಡ್ಯಾಶ್ ಎಂಬ ಬೇರೆ ಶೆಲ್, ಅದಕ್ಕೆ ಈ ಬರಹವೇ ಅರ್ಥವಾಗುವುದಿಲ್ಲ. ಜೊತೆಗೆ ಸ್ಕ್ರಿಪ್ಟ್ ಮುಗಿದ ಮೇಲೂ ಲಾಗರ್ ಒಂದು ಕ್ಷಣ ಹಿಂದೆ ಉಳಿಯಬಹುದು, ಕೊನೆಯ ಸಾಲು ತಡವಾಗಿ ಬಂದರೆ ಗಾಬರಿಯಾಗಬೇಡಿ.

ಎರಡನೆಯ ಬಲೆ ನನ್ನ ನಿದ್ದೆ ಕೆಡಿಸಿದ್ದು. ಸೆನ್ಸರ್ ಓದಲು ನಾನು ಪೈಥಾನ್‌ಗೆ ಬದಲಾಯಿಸಿ, ಕ್ರಾನ್ ಬಿಟ್ಟು ಒಂದೇ ಪ್ರೋಗ್ರಾಮನ್ನು ನಿಲ್ಲದೆ ಓಡಿಸತೊಡಗಿದೆ. ಟರ್ಮಿನಲ್‌ನಲ್ಲಿ ನೋಡಿದರೆ 5 ನಿಮಿಷಕ್ಕೊಂದು ಸಾಲು ಸರಿಯಾಗಿ ಬರುತ್ತದೆ, ಲಾಗ್‌ನಲ್ಲಿ ಮಾತ್ರ ಏನೂ ಇಲ್ಲ. ಮರುದಿನ ನೂರಾರು ಸಾಲು ಒಟ್ಟಿಗೆ, ಎಲ್ಲದಕ್ಕೂ ಒಂದೇ ಹೊತ್ತು! ಕಾರಣ ಇಷ್ಟೆ: ಎದುರಿಗೆ ಪರದೆ ಇದ್ದರೆ ಪ್ರೋಗ್ರಾಮ್‌ಗಳು ಸಾಲಿಗೊಮ್ಮೆ ಬರೆಯುತ್ತವೆ, ಪೈಪ್ ಇದ್ದರೆ ಒಂದು ಬಕೆಟ್ ತುಂಬುವವರೆಗೆ ಕಾದು ಒಮ್ಮೆಲೇ ಸುರಿಯುತ್ತವೆ. ಪೈಥಾನ್‌ನ ಬಕೆಟ್ ಸಾಮಾನ್ಯವಾಗಿ 8 ಕಿಲೋಬೈಟ್. ನನ್ನ ಸಾಲು ಸುಮಾರು 40 ಬೈಟ್. 8192ನ್ನು 40ರಿಂದ ಭಾಗಿಸಿದರೆ 200ಕ್ಕೆ ಚೂರು ಮೇಲೆ, ಅಂದರೆ 5 ನಿಮಿಷದ ಲೆಕ್ಕದಲ್ಲಿ 17 ಗಂಟೆ. ರಾತ್ರಿ 2ರ ಸುದ್ದಿ ಸಂಜೆಗೆ ತಲುಪುತ್ತಿತ್ತು. ನಡುವೆ ಕರೆಂಟ್ ಹೋದರೆ ಬಕೆಟ್ಟೇ ಮಗುಚಿಕೊಳ್ಳುತ್ತಿತ್ತು.

ಪೈಥಾನ್‌ಗೆ -ಯು ಕೊಡಿ, ಅಥವಾ ಪೈಥಾನ್‌ಅನ್‌ಬಫರ್ಡ್ ಎಂಬ ವೇರಿಯಬಲ್‌ಗೆ 1 ಇಡಿ. ಸಿ ಭಾಷೆಯ ಸಾಧಾರಣ ಪ್ರೋಗ್ರಾಮ್‌ಗಳಿಗೆ ಮುಂದೆ "ಎಸ್‌ಟಿಡಿಬಫ್ -ಓಎಲ್" ಸೇರಿಸಿ. ಅದು ಪೈಥಾನ್ ಮೇಲೆ ಕೆಲಸ ಮಾಡುವುದಿಲ್ಲ, ನಾನು ಒಂದು ಸಂಜೆ ಪೂರ್ತಿ ಅದನ್ನೇ ಹಚ್ಚಿ ಹಚ್ಚಿ ನೋಡಿದ್ದೇನೆ. ಬ್ಯಾಶ್‌ನ ಎಕೋಗೆ ಈ ರೋಗ ಇಲ್ಲ. ಇದು ಲಾಗರ್‌ನ ತಪ್ಪೂ ಅಲ್ಲ. ಮುಂದೆ ಬರುವ ದಾರಿಗಳಲ್ಲೂ ಎದುರಿಗೆ ಪರದೆ ಇಲ್ಲದ್ದರಿಂದ ಇದೇ ಕಥೆ, ಔಷಧವೂ ಇದೇ.

ಕನ್ನಡದಲ್ಲಿ ಸಂದೇಶ ಬರೆಯುವವರಿಗೆ ಒಂದು ಮಾತು. ಹಳೆಯ ಸಿಸ್‌ಲಾಗ್ ಪದ್ಧತಿ 2001ರಲ್ಲಿ ಆರ್‌ಎಫ್‌ಸಿ 3164 ಎಂಬ ಇಂಟರ್‌ನೆಟ್ ದಾಖಲೆಯಲ್ಲಿ ಸೇರಿತು. ಅದರಲ್ಲಿ ಒಂದು ಸಂದೇಶಕ್ಕೆ 1024 ಬೈಟ್ ಮಿತಿ. ಲಾಗರ್ ಕೂಡ ತಾನಾಗಿ ಅಷ್ಟಕ್ಕೇ ನಿಲ್ಲುತ್ತದೆ, ಹೆಚ್ಚು ಬೇಕೆಂದರೆ --ಸೈಜ್ ಹೇಳಬೇಕು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ಒತ್ತು, ಕೊಂಬು, ಸೊನ್ನೆ ಎಲ್ಲ ಬೇರೆ ಬೇರೆ ಸಂಕೇತ, "ಕ್ಷ" ಒಂದಕ್ಕೇ 9 ಬೈಟ್. "ನೀರು ನಿಂತಿದೆ" 34 ಬೈಟ್, ಚಿಂತೆ ಇಲ್ಲ. ಉದ್ದನೆಯ ಎರರ್ ಪುರಾಣ ಹೊಡೆದರೆ ಮಾತ್ರ ಅಕ್ಷರದ ನಡುವೆಯೇ ಕತ್ತರಿ ಬೀಳಬಹುದು. ಆಗ ಸಿಸ್ಟಮ್‌ಡಿಯ ಲಾಗ್ ಆದ ಜರ್ನಲ್ ಅನ್ನು ಓದುವ ಜರ್ನಲ್‌ಸಿಟಿಎಲ್ ಕಮಾಂಡ್ ಆ ಸಾಲನ್ನು ಓದಲಾಗದ ಗಂಟು ಅಂತ "ಬ್ಲಾಬ್ ಡೇಟಾ" ಎಂದು ತೋರಿಸುತ್ತದೆ. -ಟಿ ಚೀಟಿಯನ್ನಂತೂ ಇಂಗ್ಲಿಷ್ ಅಕ್ಷರದಲ್ಲೇ ಇಡಿ, ಹಳೆಯ ಪದ್ಧತಿಯಲ್ಲಿ ಅದಕ್ಕೆ 32 ಅಕ್ಷರದ ಮಿತಿ, ಅದೂ ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಮಾತ್ರ.

ಸಿಸ್ಟಮ್‌ಡಿ-ಕ್ಯಾಟ್

ಸಿಸ್ಟಮ್‌ಡಿ-ಕ್ಯಾಟ್ -ಟಿ ಬೋರ್ ಪೈಥಾನ್3 -ಯು ನೀರು.ಪಿವೈ

ಇದು ಪೈಪ್ ಹಾಕುವುದಿಲ್ಲ. ಪ್ರೋಗ್ರಾಮ್‌ನ ಎರಡೂ ಬಾಯಿಗಳನ್ನು ನೇರವಾಗಿ ಜರ್ನಲ್‌ಗೆ ಜೋಡಿಸಿ, ತಾನು ಜಾಗ ಖಾಲಿ ಮಾಡಿ ಪ್ರೋಗ್ರಾಮನ್ನು ಕೂರಿಸುತ್ತದೆ. ಆದ್ದರಿಂದ ಫಲಿತಾಂಶ ಪ್ರೋಗ್ರಾಮ್‌ನದ್ದೇ, ಪೋಸ್ಟ್‌ಮ್ಯಾನ್ ಗೊಂದಲ ಇಲ್ಲ. ಕೈಯಾರೆ ಒಮ್ಮೆ ಓಡಿಸುವ ದೊಡ್ಡ ಕೆಲಸಕ್ಕೆ, ಉದಾಹರಣೆಗೆ ಬ್ಯಾಕಪ್‌ಗೆ, ನಾನು ಇದನ್ನೇ ಬಳಸುತ್ತೇನೆ. ಸಿಸ್ಟಮ್‌ಡಿ ಇಲ್ಲದ ಕಡೆ, ಅಂದರೆ ಆಲ್ಪೈನ್ ಎಂಬ ಲಿನಕ್ಸ್, ರೂಟರ್, ಮ್ಯಾಕ್, ಇದರ ಆಸೆ ಬಿಡಬೇಕು. ಹೆಚ್ಚು ಹೇಳುವುದಕ್ಕೇನಿಲ್ಲ, ಯಾಕೆಂದರೆ ಇದು ಇಷ್ಟವಾದವರು ಒಂದು ಹೆಜ್ಜೆ ಮುಂದೆ ಹೋಗಿ ಸರ್ವಿಸ್ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಸರ್ವಿಸ್ ಮಾಡುವುದು

ಏನು ಓಡಿಸಬೇಕೆಂದು ಸಿಸ್ಟಮ್‌ಡಿಗೆ ಹೇಳುವ ಏಳೆಂಟು ಸಾಲಿನ ಯೂನಿಟ್ ಫೈಲ್ ಬರೆಯಲು ನಾನು ಆರು ತಿಂಗಳು ಸೋಮಾರಿತನ ಮಾಡಿದೆ. ಬರೆದ ದಿನ ನನ್ನ ಮೇಲೆ ನನಗೇ ಸಿಟ್ಟು ಬಂತು. ಎಕ್ಸೆಕ್‌ಸ್ಟಾರ್ಟ್‌ನಲ್ಲಿ ಕಮಾಂಡ್, ಸಿಸ್‌ಲಾಗ್‌ಐಡೆಂಟಿಫೈಯರ್‌ನಲ್ಲಿ ಬೋರ್ ಎಂಬ ಹೆಸರು, ರೀಸ್ಟಾರ್ಟ್ ಆನ್-ಫೇಲ್ಯೂರ್, ಅಷ್ಟೆ. ಔಟ್‌ಪುಟ್ ಎಲ್ಲಿಗೆ ಅಂತ ಹೇಳುವುದೇ ಬೇಡ, ಏನೂ ಹೇಳದಿದ್ದರೆ ಅದು ಜರ್ನಲ್‌ಗೇ ಹೋಗುತ್ತದೆ. ಪ್ರೋಗ್ರಾಮ್ ಸತ್ತರೆ ಯಾವ ಫಲಿತಾಂಶದಿಂದ ಸತ್ತಿತು ಅನ್ನುವುದನ್ನೂ ಸಿಸ್ಟಮ್‌ಡಿ ತಾನೇ ಲಾಗ್‌ಗೆ ಬರೆಯುತ್ತದೆ. ಬಿಟ್ಟು ಬಿಟ್ಟು ಓಡುವ ಕೆಲಸವಾದರೆ ಕ್ರಾನ್ ಬದಲು ಸಿಸ್ಟಮ್‌ಡಿಯದೇ ಟೈಮರ್.

ಆಮೇಲೆ ಮಾವ ಕೇಳಿದರೆ ಒಂದೇ ಸಾಲು:

ಜರ್ನಲ್‌ಸಿಟಿಎಲ್ -ಯು ಬೋರ್ --ಸಿನ್ಸ್ ಯೆಸ್ಟರ್‌ಡೇ

-ಪಿ ಎರರ್ ಸೇರಿಸಿದರೆ ಎರರ್ ಮತ್ತು ಅದಕ್ಕಿಂತ ಗಂಭೀರವಾದವು ಮಾತ್ರ ಬರುತ್ತವೆ.

ಗಂಭೀರತೆ ಹೇಗೆ ತಿಳಿಯುತ್ತದೆ? ಸಾಲಿನ ಶುರುವಿನಲ್ಲಿ <2> ಅಂತ ಬರೆದರೆ ಸಿಸ್ಟಮ್‌ಡಿ ಅದನ್ನು ಕಿತ್ತುಕೊಂಡು ಕ್ರಿಟ್ ಎಂದು ಗುರುತು ಹಾಕುತ್ತದೆ, <4> ಅಂದರೆ ವಾರ್ನಿಂಗ್. ಬೇರೆ ಲೈಬ್ರರಿ ಬೇಡ, ಪ್ರಿಂಟ್ ಸಾಕು. ಸಿಸ್ಟಮ್‌ಡಿ-ಕ್ಯಾಟ್‌ಗೂ ಈ ಭಾಷೆ ಬರುತ್ತದೆ, ಲಾಗರ್‌ಗೆ --ಪ್ರಯೋ-ಪ್ರಿಫಿಕ್ಸ್ ಕೊಟ್ಟರೆ ಮಾತ್ರ ಅರ್ಥವಾಗುತ್ತದೆ.

ಈ <2> ನಮ್ಮ ಕಡೆ ಬರೀ ಅಲಂಕಾರವಲ್ಲ. 1902ರಲ್ಲೇ ಶಿವನಸಮುದ್ರದಿಂದ ತಂತಿ ಎಳೆದು ಕೆಜಿಎಫ್ ಗಣಿಗೆ ಕರೆಂಟ್ ತಂದ ಜಿಲ್ಲೆ ನಮ್ಮದು, ಆದರೆ ತೋಟದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಜರ್ನಲ್ ತನ್ನ ಬರಹವನ್ನು ಡಿಸ್ಕಿಗೆ ಖಾತ್ರಿಯಾಗಿ ಇಳಿಸುವುದು ಮಾಮೂಲಿಯಾಗಿ 5 ನಿಮಿಷಕ್ಕೊಮ್ಮೆ. ನಡುವೆ ಕರ್ನಲ್ ತಾನಾಗಿ ಇಳಿಸಿರಬಹುದು, ಇಳಿಸದೆಯೂ ಇರಬಹುದು. ಆದರೆ ಕ್ರಿಟ್, ಅಲರ್ಟ್, ಎಮರ್ಜ್ ಸಾಲು ಬಂದರೆ ಕಾಯದೆ ಆಗಲೇ ಇಳಿಸುತ್ತದೆ. ಹಾಗಾಗಿ ಮೋಟರ್ ಆರಿಸಿದ ಸಾಲಿಗೆ ನಾನು <2> ಹಾಕಿದ್ದೇನೆ, "ಎಲ್ಲಾ ಸರಿ" ಅನ್ನುವ ಸಾಲಿಗೆ <6>. ಎಲ್ಲದಕ್ಕೂ <2> ಹಾಕುವ ಆಸೆ ಆಗುತ್ತದೆ, ಹಾಕಬೇಡಿ. ಪ್ರತಿ ಸಾಲಿಗೂ ಡಿಸ್ಕಿಗೆ ಇಳಿಸುತ್ತಾ ಹೋದರೆ ಎಸ್‌ಡಿ ಕಾರ್ಡ್ ಸವೆಯುತ್ತದೆ.

ಅದಕ್ಕೂ ಮೊದಲು ನೋಡಬೇಕಾದ್ದು ಜರ್ನಲ್ ನಿಮ್ಮ ಯಂತ್ರದಲ್ಲಿ ಡಿಸ್ಕಿನ ಮೇಲೆ ಇದೆಯೋ ಬರೀ ಮೆಮೊರಿಯಲ್ಲಿದೆಯೋ ಅನ್ನುವುದು. ಸ್ಟೋರೇಜ್ ಎಂಬ ಸೆಟ್ಟಿಂಗ್ ಆಟೋ ಇದ್ದರೆ /ವಾರ್/ಲಾಗ್/ಜರ್ನಲ್ ಎಂಬ ಫೋಲ್ಡರ್ ಇದ್ದಾಗ ಮಾತ್ರ ಡಿಸ್ಕಿಗೆ ಬರೆಯುತ್ತದೆ. ಇಲ್ಲವಾದರೆ /ರನ್ ಕೆಳಗೆ, ರೀಬೂಟ್ ಆದರೆ ಮಾಯ. ಕಾರ್ಡ್ ಉಳಿಸಲೆಂದು ಬೇಕಂತಲೇ ಮೆಮೊರಿಯಲ್ಲಿಡುವ ಸೆಟ್ಟಿಂಗ್ ಕೂಡ ಇರಬಹುದು. ಜರ್ನಲ್‌ಡಿ.ಕಾನ್ಫ್‌ನಲ್ಲಿ ಸ್ಟೋರೇಜ್ ಪರ್ಸಿಸ್ಟೆಂಟ್ ಅಂತ ಬರೆದು, ಸಿಸ್ಟಮ್‌ಮ್ಯಾಕ್ಸ್‌ಯೂಸ್‌ಗೆ 50 ಎಂಬಿಯಂಥ ಒಂದು ಬೇಲಿ ಹಾಕಿ. ಬೇಲಿ ಹಾಕದಿದ್ದರೆ ಅದು ಡಿಸ್ಕಿನ ಹತ್ತರಲ್ಲಿ ಒಂದು ಪಾಲಿನವರೆಗೆ, ಗರಿಷ್ಠ 4 ಜಿಬಿ, ಬೆಳೆಯುತ್ತದೆ.

ಸರ್ವಿಸ್‌ನ ದೋಷ ಹೇಳದಿದ್ದರೆ ಪಕ್ಷಪಾತವಾದೀತು. ಜರ್ನಲ್ ಫೈಲ್ ಬೈನರಿ, ನೋಟ್‌ಪ್ಯಾಡ್‌ನಲ್ಲಿ ತೆರೆಯದು, ಜರ್ನಲ್‌ಸಿಟಿಎಲ್ ಇಲ್ಲದೆ ಓದಲಾಗದು. ಒಂದೊಂದೇ ಸಾಲನ್ನು ಅಳಿಸುವ ದಾರಿಯೂ ಇಲ್ಲ. ಇದು ನನಗೆ ತಿಳಿದದ್ದು ಎಸ್ಸೆಮ್ಮೆಸ್ ಕಳಿಸುವ ಕರ್ಲ್ ಕಮಾಂಡಿಗೆ ಪರೀಕ್ಷೆಗೆಂದು -ವಿ ಸೇರಿಸಿ ಮರೆತ ದಿನ. ಗುಪ್ತ ಟೋಕನ್ ಇರುವ ಹೆಡರ್ ಸಾಲು ಹಾಗೇ ಲಾಗ್‌ಗೆ ಬಿದ್ದಿತ್ತು. ಅಳಿಸುವ ಬದಲು ಟೋಕನ್ನೇ ಬದಲಿಸಬೇಕಾಯಿತು. ಯಾವ ದಾರಿ ಹಿಡಿದರೂ ಔಟ್‌ಪುಟ್ಟನ್ನು ಕಣ್ಣು ಮುಚ್ಚಿ ಲಾಗ್‌ಗೆ ತಿರುಗಿಸುವ ಮೊದಲು ಅದರಲ್ಲಿ ಏನಿದೆ ಅಂತ ಒಮ್ಮೆ ನೋಡಿ.

ಬೇರೆ ಯಂತ್ರಕ್ಕೆ ಕಳಿಸುವುದು

ಡಬ್ಬಕ್ಕೇ ಸಿಡಿಲು ಬಡಿದರೆ? ಲಾಗರ್‌ಗೆ -ಎನ್ ಕೊಟ್ಟು ಮನೆಯ ಕಂಪ್ಯೂಟರಿನ ವಿಳಾಸ ಹೇಳಿದರೆ ಸಂದೇಶ ಅಲ್ಲಿಗೆ ಹೋಗುತ್ತದೆ. ಮಾಮೂಲಿ ದಾರಿ ಯುಡಿಪಿ, ಪೋರ್ಟ್ 514. ಯುಡಿಪಿ ಅಂದರೆ ಬಸ್ಸಿನ ಡ್ರೈವರ್ ಕೈಲಿ ಚೀಟಿ ಕೊಟ್ಟು ಕಳಿಸಿದ ಹಾಗೆ, ತಲುಪಿತೋ ಇಲ್ಲವೋ ವಾಪಸು ಸುದ್ದಿ ಇಲ್ಲ. ಒಂದೇ ಮನೆಯ ನೆಟ್‌ವರ್ಕ್‌ನಲ್ಲಿ ಪರವಾಗಿಲ್ಲ. ತೋಟದ 4ಜಿ ಡಾಂಗಲ್‌ನಿಂದ ಊರಿಗೆ ಕಳಿಸಲು ಇದು ಬೇಡ, ದಾರಿಯಲ್ಲಿ ಯಾರಾದರೂ ಓದಬಹುದು. ಅದಕ್ಕೆ ಆರ್‌ಸಿಸ್‌ಲಾಗ್ ಎಂಬ ಸಿಸ್‌ಲಾಗ್ ಪ್ರೋಗ್ರಾಮ್ ಹಾಕಿ ಟಿಎಲ್‌ಎಸ್ ಎಂಬ ಗೂಢಲಿಪಿಯಲ್ಲಿ, ಪೋರ್ಟ್ 6514ಕ್ಕೆ ಕಳಿಸುವುದು ಸರಿ. ನೆಟ್ ಇಲ್ಲದಾಗ ಡಿಸ್ಕಿನಲ್ಲಿ ಸಾಲು ಕಟ್ಟಿಟ್ಟು ಆಮೇಲೆ ಕಳಿಸುವ ವ್ಯವಸ್ಥೆಯೂ ಅದರಲ್ಲಿದೆ. ಹತ್ತು ಹದಿನೈದು ಯಂತ್ರ ನೋಡಿಕೊಳ್ಳುವವರಿಗೆ ಈ ಶ್ರಮ ಸಾರ್ಥಕ. ಒಂದು ಬೋರ್‌ಗೆ ನಾನು ಮಾಡಿಲ್ಲ. ಅಂದಹಾಗೆ ಡೆಬಿಯನ್ 12ರಿಂದ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲ. ಹಳೆಯ ಅಭ್ಯಾಸದಿಂದ /ವಾರ್/ಲಾಗ್/ಸಿಸ್‌ಲಾಗ್ ಹುಡುಕಿ "ಫೈಲೇ ಇಲ್ಲ" ಅಂತ ಕೂರಬೇಡಿ, ಎಲ್ಲ ಜರ್ನಲ್‌ನಲ್ಲಿದೆ.

ಗಡಿಯಾರ

ಸರ್ವಿಸ್ ಮಾಡಿ ಮುಗಿಸಿದ ಸಂಜೆ ಪರೀಕ್ಷೆ ಮಾಡಿದೆ. ಪೈಪಿನ ವಾಲ್ವ್ ಮುಚ್ಚಿದೆ. ಡಬ್ಬ ಮೋಟರ್ ಆರಿಸಿದ ಮರುಕ್ಷಣ ಅದರ ಪ್ಲಗ್ಗನ್ನೇ ಕಿತ್ತೆ. ಹತ್ತು ನಿಮಿಷ ಬಿಟ್ಟು ಮತ್ತೆ ಚುಚ್ಚಿ, ಹಿಂದಿನ ಬೂಟ್‌ನ ಲಾಗ್ ಕೇಳಿದೆ:

ಜರ್ನಲ್‌ಸಿಟಿಎಲ್ -ಬಿ -1 -ಯು ಬೋರ್

ಕೊನೆಯ ಸಾಲು "ನೀರು ನಿಂತಿದೆ, ಮೋಟರ್ ಆರಿಸಿದೆ". ಡಬ್ಬ ಅಂದದ್ದು ಉಳಿದಿತ್ತು. ಮಾವನಿಗೆ ಫೋನ್‌ನಲ್ಲಿ ತೋರಿಸಿದೆ.

ಮಾವ ಹೊಸ ಬೂಟ್‌ನ ಮೊದಲ ಸಾಲುಗಳನ್ನೂ ನೋಡಿ, "ಈಗ ಆರೂವರೆ, ಇದರಲ್ಲಿ ಆರೂಕಾಲು ಅಂತಿದೆಯಲ್ಲ" ಅಂದರು. ಹೌದು. ಪೈ 4ರವರೆಗಿನ ಬೋರ್ಡ್‌ಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಪೈ 5ರಲ್ಲಿ ಗಡಿಯಾರ ಇದೆ, ಬ್ಯಾಟರಿ ನಾವು ಹಾಕಬೇಕು. ಕರೆಂಟ್ ಬಂದ ಮೇಲೆ ಇಂಟರ್‌ನೆಟ್ಟಿನಿಂದ ಹೊತ್ತು ಸಿಗುವವರೆಗೆ ಅದು ಕೊನೆಗೆ ಉಳಿಸಿಟ್ಟ ಹೊತ್ತನ್ನೇ ಹಿಡಿದು ಮುಂದುವರಿಯುತ್ತದೆ. ತೋಟದಲ್ಲಿ ನೆಟ್ ಬರಲು ಅರ್ಧ ಗಂಟೆಯಾದರೆ ಅರ್ಧ ಗಂಟೆಯ ಸಾಲುಗಳಿಗೆಲ್ಲ ಸುಳ್ಳು ಹೊತ್ತು. ಫೈಲಾದರೂ ಲಾಗರ್ ಆದರೂ ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಹಳೆಯ ಸಿಸ್‌ಲಾಗ್ ಬರಹದಲ್ಲಂತೂ ಇಸವಿಯೇ ಇರುವುದಿಲ್ಲ. ಜರ್ನಲ್ ಮಾತ್ರ ಪ್ರತಿ ಸಾಲಿನ ಜೊತೆ ಬೂಟ್ ಆಗಿ ಎಷ್ಟು ಸೆಕೆಂಡ್ ಆಯಿತು ಅನ್ನುವುದನ್ನೂ ಇಟ್ಟಿರುತ್ತದೆ. -ಓ ಶಾರ್ಟ್-ಮೊನೊಟೊನಿಕ್ ಅಂದರೆ ತೋರಿಸುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದಾದರೂ ತಪ್ಪುವುದಿಲ್ಲ.

ಮಾವನಿಗೆ ಸೆಕೆಂಡಿನ ಲೆಕ್ಕ ಬೇಡ, ಗಂಟೆ ಬೇಕು. ಡಿಎಸ್3231 ಎಂಬ ಪುಟ್ಟ ಗಡಿಯಾರದ ಬೋರ್ಡ್ ತಂದು ಪೈ ಪಿನ್ನುಗಳಿಗೆ ಚುಚ್ಚಿದ್ದೇನೆ. ಅದರಲ್ಲಿರುವುದು ನಾಣ್ಯದಾಕಾರದ ಒಂದು ಸೆಲ್ಲು.